ಜಾಲಹಳ್ಳಿಯ ಮನೆಯಂಗಳದ ಡೀಸೆಲ್ ವಿದ್ಯೆ

ಬೆಂಗಳೂರಿನ ವಾಯವ್ಯ ದಿಕ್ಕಿನಲ್ಲಿ, ತುಮಕೂರು ರಸ್ತೆಯ ಬಲಮಗ್ಗುಲಿಗೆ ಹಬ್ಬಿಕೊಂಡಿರುವ ಜಾಲಹಳ್ಳಿಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಕಾರ್ಖಾನೆಗಳು ಸ್ಥಾಪನೆಗೊಂಡ ವರ್ಷಗಳನ್ನೂ ಅಲ್ಲಿ ತಯಾರಾದ ಲೇತು, ಕೈಗಡಿಯಾರ, ರೇಡಾರುಗಳ ವಿವರವನ್ನೂ ಹೇಳಿ ತೃಪ್ತರಾಗುವುದುಂಟು. ಆ ಕಾರ್ಖಾನೆಗಳೊಳಗೆ ಪಳಗಿದ ಕೈಗಳು ಪಾಳಿ ಮುಗಿದ ತರುವಾಯ ಮನೆಗೆ ಬಂದು ಏನು ಮಾಡಿದುವು ಎಂಬುದನ್ನು ಕೇಳಿದವರು ವಿರಳ. ಈ ಪ್ರಶ್ನೆಗೆ ದೊರೆಯುವ ಉತ್ತರಗಳಲ್ಲಿ ಒಂದು, ಇಲ್ಲಿಯ ಕಾಲೊನಿಗಳ ಸುತ್ತಣ ಬೀದಿಗಳಲ್ಲಿ ಭಾನುವಾರದ ಬೆಳಗಿನ ಹೊತ್ತು ಬಾನೆಟ್ ಎತ್ತಿ ನಿಲ್ಲಿಸಿದ ಹಳೆಯ ಡೀಸೆಲ್ ಕಾರುಗಳ, ಅದರಲ್ಲಿಯೂ ಹಿಂಬದಿ ನೀಳವಾಗಿ ಚಾಚಿಕೊಂಡ ಎಸ್ಟೇಟ್ ಕಾರುಗಳ ಮುಂದೆ, ಗ್ಯಾರೇಜಿನ ಹಂಗಿಲ್ಲದೆ ನಡೆದುಬಂದ ದುರಸ್ತಿಯ ಪದ್ಧತಿ. ಅದನ್ನು ಮಿತವ್ಯಯದ ಉಪಾಯವೆಂದು ಕರೆದು ಬಿಟ್ಟುಬಿಡುವವರುಂಟು. ನನಗಾದರೋ ಅದು ಸಾರ್ವಜನಿಕ ಉದ್ಯಮಗಳು ಈ ನೆಲದಲ್ಲಿ ಬಿತ್ತಿದ ವಿದ್ಯೆಯ ಗೃಹಶಾಖೆಯೆಂದೂ, ಅದರ ಇತಿಹಾಸವನ್ನು ಬಿಟ್ಟರೆ ಜಾಲಹಳ್ಳಿಯ ಇತಿಹಾಸವೇ ಅಪೂರ್ಣವೆಂದೂ ತೋರುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಊರು ಸೈನಿಕ ಆಸ್ಪತ್ರೆಗಳಿಗೂ ಇಟಲಿಯ ಯುದ್ಧಕೈದಿಗಳಿಗೂ ನೆಲೆಯಾಗಿದ್ದಿತು. ಯುದ್ಧ ಮುಗಿದು ದೇಶ ಸ್ವತಂತ್ರವಾದ ಮೇಲೆ, 1949ರಲ್ಲಿ ವಾಯುಸೇನೆಯ ತಾಂತ್ರಿಕ ಕಾಲೇಜು ಇಲ್ಲಿ ಆರಂಭವಾಯಿತು. 1953ರಲ್ಲಿ ಸ್ವಿಟ್ಸರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದೊಡನೆ ಹಿಂದೂಸ್ತಾನ್ ಮಷಿನ್ ಟೂಲ್ಸ್, ಅದರ ಮರುವರ್ಷ ಫ್ರಾನ್ಸಿನ ಸಿ.ಎಸ್.ಎಫ್. ಸಂಸ್ಥೆಯ ಸಹಯೋಗದೊಡನೆ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿಕೊಂಡುವು. 1961ರ ವೇಳೆಗೆ ಎಚ್.ಎಂ.ಟಿ.ಯು ತನ್ನ ಸ್ವಂತ ಸಂಪತ್ತಿನಿಂದಲೇ ಎರಡನೆಯ ಕಾರ್ಖಾನೆಯನ್ನು ಕಟ್ಟಿಕೊಂಡಿತಲ್ಲದೆ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಕೈಗಡಿಯಾರಗಳ ನಿರ್ಮಾಣಕ್ಕೂ ಕೈಯಿಕ್ಕಿತು. 1962ರಲ್ಲಿ ತುಮಕೂರು ರಸ್ತೆಯ ಮೇಲೆ ಯಂತ್ರೋಪಕರಣಗಳ ಸಂಶೋಧನೆಗೆಂದೇ ಒಂದು ಕೇಂದ್ರೀಯ ಸಂಸ್ಥೆ ಸ್ಥಾಪಿತವಾಯಿತು. ಒಂದೂವರೆ ದಶಕದೊಳಗೆ, ರಾಗಿಯ ಹೊಲಗಳ ನಡುವಣ ಗ್ರಾಮವೊಂದು ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ದಿನನಿತ್ಯದ ಅಳತೆಯಾಗಿ ಬಳಸುವ ಜನರ ವಸತಿಯಾಯಿತು.

ಈ ಕೊನೆಯ ಮಾತನ್ನು ಲಘುವಾಗಿ ಎಣಿಸಕೂಡದು. ಫಿಟ್ಟರ್ ಕೆಲಸಕ್ಕೆ ಅಪ್ರೆಂಟಿಸನಾಗಿ ಸೇರಿದ ಹುಡುಗನು ಮೊದಲ ತಿಂಗಳುಗಳನ್ನೆಲ್ಲ ಕಬ್ಬಿಣದ ಒಂದು ತುಂಡನ್ನು ಅರದಿಂದ ಉಜ್ಜಿ ಸಮತಟ್ಟಾಗಿಸುವುದರಲ್ಲಿಯೇ ಕಳೆಯಬೇಕಾಗಿತ್ತು; ಮಟ್ಟಗೋಲನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದಾಗ ಎಳೆಯಷ್ಟು ಬೆಳಕು ಸೋರಿದರೂ ಮತ್ತೆ ಮೊದಲಿನಿಂದ ಉಜ್ಜಬೇಕಾಗಿತ್ತು. ನೆಲಮಂಗಲ, ಮಾಗಡಿ, ತುಮಕೂರು ಕಡೆಯ ಒಕ್ಕಲು ಮಕ್ಕಳು ಈ ಕಠಿಣಾಭ್ಯಾಸದ ಮೂಲಕ ಟರ್ನರ್, ಮಿಲ್ಲರ್, ಗ್ರೈಂಡರ್ ಎಂಬ ಹೊಸ ಕುಲನಾಮಗಳನ್ನು ಪಡೆದರು. ಕೈಗೆ ಇಂಥ ಸಂಸ್ಕಾರ ಒಮ್ಮೆ ದೊರೆತ ಮೇಲೆ ಅದು ಕಾರ್ಖಾನೆಯ ಗೇಟಿನಲ್ಲಿ ಪಂಚ್ ಮಾಡಿ ಹೊರಬಂದೊಡನೆ ಬಿಟ್ಟುಹೋಗತಕ್ಕದ್ದಲ್ಲ. ಮನೆಯ ನೀರಿನ ಪಂಪು, ಹೊಲಿಗೆಯಂತ್ರ, ಸ್ಕೂಟರುಗಳನ್ನು ಸರಿಪಡಿಸುತ್ತ ಬಂದ ಅದು, ಕಾಲಕ್ರಮದಲ್ಲಿ ಡೀಸೆಲ್ ಎಂಜಿನ್ನಿನವರೆಗೆ ಬಂದು ನಿಂತಿತು.

ಡೀಸೆಲ್ ಎಂಜಿನ್ನಿನ ಹೃದಯಸ್ಥಾನದಲ್ಲಿರುವ ಇಂಧನದ ಪಂಪು ಇದೇ ನಗರದಲ್ಲಿ ತಯಾರಾಗುತ್ತಿದ್ದುದು ಈ ಕಥೆಯ ಭಾಗ್ಯವಿಶೇಷ. ರುಡಾಲ್ಫ್ ಡೀಸೆಲನು 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ತನ್ನ ಎಂಜಿನ್ನನ್ನು ಸಿದ್ಧಿಗೆ ತಂದನಾದರೂ, ಅದು ವಾಹನಗಳಿಗೆ ಒಗ್ಗುವಷ್ಟು ಚಿಕ್ಕದಾಗಲು, ಹನಿಹನಿಯಾಗಿ ಇಂಧನವನ್ನು ಅಳೆದು, ನೂರು ವಾತಾವರಣಕ್ಕೂ ಮಿಗಿಲಾದ ಒತ್ತಡದಿಂದ ಸಿಂಪಡಿಸಬಲ್ಲ ಪಂಪು ಬೇಕಾಗಿತ್ತು. ಅಂಥದನ್ನು ರಾಬರ್ಟ್ ಬಾಷನ ಸಂಸ್ಥೆ 1927ರಲ್ಲಿ ಸಾಲುತಯಾರಿಕೆಗೆ ತಂದಿತು. ಬಾಷ್ ಸಹಭಾಗಿತ್ವದಲ್ಲಿ 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ನಮ್ಮ ಜನರ ಬಾಯಲ್ಲಿ ಮೈಕೋ, ಆಡುಗೋಡಿಯಲ್ಲಿ ಇವೇ ಪಂಪುಗಳನ್ನು ತಯಾರಿಸಿ ದೇಶದ ಲಾರಿ, ಬಸ್ಸು, ಟ್ರಾಕ್ಟರುಗಳಿಗೆ ಒದಗಿಸಿತು. ಪಂಪಿನೊಳಗಣ ಪ್ಲಂಜರಿಗೂ ಅದರ ಕೊಳವೆಗೂ ನಡುವೆ ಇರುವ ಅಂತರ ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು. ಪ್ರತಿಯೊಂದು ಜೋಡಿಯನ್ನೂ ಪರಸ್ಪರ ಹೊಂದಿಸಿ ಮಸೆದಿರುವುದರಿಂದ ಒಂದರ ಪ್ಲಂಜರನ್ನು ಮತ್ತೊಂದರ ಕೊಳವೆಗೆ ಹಾಕಲಾಗದು. ಧೂಳಿನ ಒಂದು ಕಣ, ನೀರಿನ ಒಂದು ಹನಿ ಅಲ್ಲಿ ಹೊಕ್ಕರೆ ಹಾನಿ ತಪ್ಪದು. ಲೋಹದ ಈ ಸೂಕ್ಷ್ಮವನ್ನು ಪುಸ್ತಕದಿಂದ ತಿಳಿಯಬೇಕಾದ ಅಗತ್ಯ ಜಾಲಹಳ್ಳಿಯವನಿಗೆ ಇರಲಿಲ್ಲ; ತನ್ನ ಷಾಪಿನ ಗ್ರೈಂಡಿಂಗ್ ಯಂತ್ರದ ಮುಂದೆ ನಿಂತು ಅದನ್ನೇ ಅವನು ದಿನವೂ ಸಾಧಿಸುತ್ತಿದ್ದನು.

ಡೀಸೆಲ್ ಕಾರು ನಮ್ಮ ಮನೆಗಳಿಗೆ ಬಂದದ್ದು ತಡವಾಗಿ. 1980ರ ಆಸುಪಾಸಿನಲ್ಲಿ ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆಯು ಅಂಬಾಸಡರಿಗೆ 1489 ಸಿ.ಸಿ.ಯ ಡೀಸೆಲ್ ಎಂಜಿನ್ನನ್ನು ಅಳವಡಿಸಿತು. ಬಲ ಸಾಲದಿದ್ದರೂ ಸದ್ದು ಯಥೇಷ್ಟವಾಗಿದ್ದ ಆ ವಾಹನವನ್ನು, ಡೀಸೆಲಿನ ಬೆಲೆ ಪೆಟ್ರೋಲಿನ ಅರ್ಧದ ಸಮೀಪದಲ್ಲಿದ್ದ ಆ ದಿನಗಳಲ್ಲಿ, ಜನ ಸಂತೋಷದಿಂದಲೇ ಸ್ವೀಕರಿಸಿದರು. 1991ರಲ್ಲಿ ಟಾಟಾ ಸಂಸ್ಥೆಯ ಸಿಯೆರಾ, 1992ರಲ್ಲಿ ಟಾಟಾ ಎಸ್ಟೇಟ್ ಹೊರಬಂದುವು. ಎಸ್ಟೇಟಿನ 1948 ಸಿ.ಸಿ. ಎಂಜಿನ್ನಿಗೆ 483 ಎಂಬ ಗುರುತು. ನಾಲ್ಕು ಸಿಲಿಂಡರು, ಒಂದೊಂದರ ವ್ಯಾಸ 83 ಮಿಲಿಮೀಟರು ಎಂಬುದನ್ನು ಆ ಅಂಕೆಯೇ ಸಾರುತ್ತದೆ. ಮಾರುಕಟ್ಟೆಯಲ್ಲಿ ಅದಕ್ಕೆ ಹೇಳಿಕೊಳ್ಳುವಂಥ ಗೆಲುವು ದೊರೆಯಲಿಲ್ಲ. 2000ದ ಹೊತ್ತಿಗೆ ತಯಾರಿಕೆ ನಿಂತಿತು. ಬಳಿಕ 2004ರಲ್ಲಿ ಬಂದ ಇಂಡಿಗೊ ಮರೀನಾ ಎಂಬ 1405 ಸಿ.ಸಿ.ಯ ಎಸ್ಟೇಟೂ ಬಹುಕಾಲ ಬಾಳಲಿಲ್ಲ.

ತಯಾರಿಕೆ ನಿಂತ ಕಾರು ಸಾಮಾನ್ಯವಾಗಿ ಅನಾಥವಾಗುತ್ತದೆ. ಟಾಟಾ ಎಸ್ಟೇಟು ಹಾಗಾಗದಿದ್ದುದಕ್ಕೆ ಅದರ ವಂಶವೇ ಕಾರಣ. ಸರಕು ಸಾಗಿಸುವ ಟಾಟಾ ಪಿಕಪ್ಪಿನ ತಳಹದಿಯ ಮೇಲೆ ಅದನ್ನು ಕಟ್ಟಲಾಗಿತ್ತಾದುದರಿಂದಲೂ, ಅದೇ ಎಂಜಿನ್ನು 1994ರ ಸುಮೋದಲ್ಲಿಯೂ ಮುಂದುವರಿದುದರಿಂದಲೂ, ಗ್ಯಾಸ್ಕೆಟ್, ಪಿಸ್ಟನ್ ರಿಂಗು, ನೀರಿನ ಪಂಪು, ಕ್ಲಚ್ ಪ್ಲೇಟುಗಳೆಲ್ಲ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬಹುಕಾಲ ಸುಲಭವಾಗಿ ಸಿಕ್ಕುತ್ತಿದ್ದುವು. ದುರ್ಲಭವಾದುವು ಬೇರೆ: ಹಿಂಬಾಗಿಲಿನ ಗಾಜು, ಹಿಂದೀಪದ ಮುಸುಕು, ಬಾಗಿಲಿನ ರಬ್ಬರು. ಇವು ಬೇಕಾದಾಗ ಶಿವಾಜಿನಗರದ ಗುಜರಿಯಲ್ಲಿ ಅಲೆಯುವುದೊಂದೇ ದಾರಿ. ಎಂಜಿನ್ನು ಅಮರವೂ ಮೈ ನಶ್ವರವೂ ಆದ ಈ ವೈಚಿತ್ರ್ಯವನ್ನು ಹಳೆಯ ಎಸ್ಟೇಟಿನ ಒಡೆಯರೆಲ್ಲರೂ ಬಲ್ಲರು.

ಇನ್ನು ಆ ಕೆಲಸದ ಸ್ವರೂಪ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿಯ ದೋಷವೂ ಕಾರ್ಬ್ಯುರೇಟರಿನ ದೋಷವೂ ಒಂದರ ವೇಷವನ್ನು ಇನ್ನೊಂದು ಧರಿಸಿ ಬರುತ್ತವೆ. ಹಳೆಯ ಡೀಸೆಲಿನಲ್ಲಿ ಕಿಡಿಯೇ ಇಲ್ಲದುದರಿಂದ ಪರೀಕ್ಷೆಯ ಕ್ರಮ ನೇರವಾದದ್ದು: ಗಾಳಿ ಸಾಕಷ್ಟು ಒಳಬರುತ್ತಿದೆಯೆ, ಅದು ಕಾಯುವಷ್ಟು ಒತ್ತಲ್ಪಡುತ್ತಿದೆಯೆ, ಇಂಧನ ಸಕಾಲದಲ್ಲಿ ಸಿಡಿಯುತ್ತಿದೆಯೆ ಎಂಬ ಮೂರು ಪ್ರಶ್ನೆಗಳು. ಹೊಗೆಯ ಬಣ್ಣವೇ ಮೊದಲ ಸಾಕ್ಷಿ. ಕಪ್ಪು ಹೊಗೆಯೆಂದರೆ ಇಂಧನ ಹೆಚ್ಚು, ಇಲ್ಲವೆ ಗಾಳಿ ಕಡಮೆ. ಏರ್ ಫಿಲ್ಟರನ್ನು ತೆಗೆದು ನೋಡಬೇಕು. ನೀಲಿಯೆಂದರೆ ಆಯಿಲ್ ಉರಿಯುತ್ತಿದೆ, ರಿಂಗು ಸವೆದಿರಬಹುದು. ಬಿಳಿಯೆಂದರೆ ಉರಿಯದ ಡೀಸೆಲು. ಎಂಜಿನ್ನು ಬಿಸಿಯಾದ ಮೇಲೂ ಆ ಹೊಗೆ ನಿಲ್ಲದೆ ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನು ಶಂಕಿಸಬೇಕು. ಇಲ್ಲಿ ಸ್ಥಳಮಹಿಮೆಯೂ ಒಂದುಂಟು: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದ್ದು, ಗಾಳಿ ಹತ್ತರಲ್ಲಿ ಒಂದು ಪಾಲಿನಷ್ಟು ತೆಳುವಾಗಿರುವುದರಿಂದ, ಕರಾವಳಿಯ ಗಾಳಿಗೆ ಹೊಂದುವಂತೆ ಡೀಸೆಲು ಬಿಡುವ ಪಂಪು, ಟರ್ಬೊ ಇಲ್ಲದ ಎಂಜಿನ್ನಿನಲ್ಲಿ, ಇಲ್ಲಿ ಕೊಂಚ ಅಧಿಕವಾಗಿಯೇ ಹೊಗೆ ಕಾರುತ್ತದೆ.

ಮನೆಯಲ್ಲಿ ಆಗಬೇಕಾದ ಕಾರ್ಯಗಳಲ್ಲಿ ಮುಖ್ಯವಾದದ್ದು ಏರ್ ತೆಗೆಯುವುದು. ಡೀಸೆಲ್ ಫಿಲ್ಟರನ್ನು ಬದಲಿಸಿದಾಗಲೋ ಟ್ಯಾಂಕು ಬರಿದಾದಾಗಲೋ ಕೊಳವೆಗಳಿಗೆ ಗಾಳಿ ಹೊಕ್ಕು, ಎಷ್ಟು ಸೆಲ್ಫ್ ಹೊಡೆದರೂ ಎಂಜಿನ್ನು ಹಿಡಿಯದು; ಗಾಳಿಯು ಸಂಕೋಚಗೊಳ್ಳುವ ಪದಾರ್ಥವಾದುದರಿಂದ ಪಂಪಿನ ಒತ್ತಡವನ್ನು ತಾನೇ ನುಂಗಿಬಿಡುತ್ತದೆ. ಆಗ ಫಿಲ್ಟರಿನ ಮೇಲಣ ತಿರುಪನ್ನು ಸಡಿಲಿಸಿ, ಹ್ಯಾಂಡ್ ಪ್ರೈಮರನ್ನು ಒತ್ತುತ್ತ, ನೊರೆ ಮುಗಿದು ಶುದ್ಧ ಡೀಸೆಲು ಬರುವವರೆಗೆ ಕಾಯಬೇಕು. ಅನಂತರ ಒಂದೊಂದು ನಾಜಲಿನ ನಟ್ಟನ್ನೂ ಸಡಿಲಿಸಿ, ಡ್ರೈವರ್ ಸೀಟಿನಲ್ಲಿ ಕುಳ್ಳಿರಿಸಿದ ಮಗಳಿಗೆ "ಈಗ ಹೊಡಿಯಮ್ಮಾ ಸೆಲ್ಫು" ಎಂದು ಕೂಗಿ, ಡೀಸೆಲು ಜಿನುಗಿದೊಡನೆ "ಸಾಕು ಬಿಡು" ಎಂದು ನಿಲ್ಲಿಸಿ, ನಟ್ಟನ್ನು ಬಿಗಿಯಬೇಕು. ಫಿಲ್ಟರಿನ ತಳದಲ್ಲಿ ಸೇರುವ ನೀರನ್ನು ಕಾಲಕಾಲಕ್ಕೆ ಹೊರಬಿಡುವುದು, ಡಿಸೆಂಬರಿನ ಮುಂಜಾವದಲ್ಲಿ ಎಂಜಿನ್ನು ಹಟ ಹಿಡಿದಾಗ ಹೀಟರ್ ಪ್ಲಗ್ಗುಗಳನ್ನು ಬ್ಯಾಟರಿಗೆ ಮುಟ್ಟಿಸಿ ಯಾವುದು ಕೆಂಪಾಗದೆಂದು ಪತ್ತೆಹಚ್ಚುವುದು, ಇವೆಲ್ಲ ಮಕ್ಕಳ ಕಣ್ಣೆದುರಿಗೇ ನಡೆಯುತ್ತಿದ್ದುವು. ಟ್ಯಾಪೆಟ್ ಹೊಂದಿಸುವ ಕೆಲಸಕ್ಕೆ ಮಾತ್ರ ಮೌನ ಬೇಕು. ಅಂಬಾಸಡರಿನ ಎಂಟು ಕವಾಟಗಳ ಎಂಜಿನ್ನಿನಲ್ಲಿ ಅದಕ್ಕೊಂದು ಒಂಬತ್ತರ ಲೆಕ್ಕವಿದ್ದಿತು: ಒಂದನೆಯ ಕವಾಟ ಪೂರ್ತಿ ತೆರೆದಿರುವಾಗ ಎಂಟನೆಯದನ್ನು, ಮೂರನೆಯದು ತೆರೆದಿರುವಾಗ ಆರನೆಯದನ್ನು, ಎಂದರೆ ಕೂಡಿದರೆ ಒಂಬತ್ತಾಗುವ ಜೊತೆಯನ್ನು ಹೊಂದಿಸಬೇಕು. ಫೀಲರ್ ಗೇಜಿನ ತೆಳುವಾದ ಅಲಗು ತಡೆಯದೆಯೂ ಜಾರದೆಯೂ ನವಿರಾಗಿ ಎಳೆದುಬರುವ ಆ ಹದವನ್ನು ಬೆರಳುಗಳು ಕಾರ್ಖಾನೆಯಲ್ಲಿಯೇ ಕಲಿತಿದ್ದುವು. ಬೀದಿಬದಿಯ ಮೆಕ್ಯಾನಿಕ್ಕನು ಅಂದಾಜಿನಿಂದ ಮುಗಿಸುತ್ತಿದ್ದ ಕೆಲಸವನ್ನು ಜಾಲಹಳ್ಳಿಯ ಫಿಟ್ಟರನು ಅಳೆದು ಮಾಡುತ್ತಿದ್ದನೆಂಬುದನ್ನು ಅಭಿಮಾನದಿಂದಲೇ ಹೇಳುತ್ತೇನೆ.

ಗೃಹವಿದ್ಯೆಗೆ ಎಲ್ಲೆಯೂ ಇದ್ದಿತು. ಆ ಎಲ್ಲೆಯನ್ನು ಅರಿತಿದ್ದುದೇ ಅದರ ವಿವೇಕ. ಪಂಪಿನ ಸೀಲನ್ನು ಯಾರೂ ಮನೆಯಲ್ಲಿ ಒಡೆಯುತ್ತಿರಲಿಲ್ಲ. ಪಂಪನ್ನು ಬಿಚ್ಚಿ, ಕೊಳವೆಯ ಬಾಯಿಗಳಿಗೆಲ್ಲ ಶುದ್ಧವಾದ ಬಟ್ಟೆ ತುರುಕಿ, ಕ್ಯಾಲಿಬ್ರೇಶನ್ ಬೆಂಚು ಇರುವವರಲ್ಲಿಗೆ ಒಯ್ಯುತ್ತಿದ್ದರು. ಹಗುರ ವಾಹನಗಳಿಗೆ ಬಂದ ರೋಟರಿ ಪಂಪುಗಳಿಗೆ ಡೀಸೆಲೇ ಜಾರೆಣ್ಣೆಯೂ ಆದುದರಿಂದ, ಸೀಮೆಎಣ್ಣೆ ಬೆರೆತ ಡೀಸೆಲು ಅವಕ್ಕೆ ವಿಷಪ್ರಾಯ. ಎಲ್ಲಿ ತುಂಬಿಸಬೇಕೆಂಬ ಎಚ್ಚರವೂ ಈ ವಿದ್ಯೆಯ ಅಂಗವೇ ಆಗಿದ್ದಿತು. ಬಾಗಿದ ಸಿಲಿಂಡರ್ ಹೆಡ್ಡನ್ನು ಸಮಮಾಡಿಸುವುದಕ್ಕೂ, ಮುರಿದು ಒಳಗೇ ಉಳಿದ ಸ್ಟಡ್ಡನ್ನು ತೆಗೆಸುವುದಕ್ಕೂ, ಎಲ್ಲಿಯೂ ಸಿಕ್ಕದ ಬುಷ್ಷೊಂದನ್ನು ಗನ್‌ಮೆಟಲಿನಲ್ಲಿ ತಿರುವಿಸಿಕೊಳ್ಳುವುದಕ್ಕೂ ಜಾಲಹಳ್ಳಿ ಕ್ರಾಸಿನಾಚೆಗೆ ಪೀಣ್ಯವಿದ್ದಿತು. 1970ರ ದಶಕದಲ್ಲಿ ರೂಪುಗೊಂಡ ಆ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಅನೇಕವು ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸಲೆಂದು ಹುಟ್ಟಿದುವು. ಒಳಗೆ ತಿರುಗುತ್ತಿದ್ದ ಲೇತಿನ ಮೇಲೆ ಎಚ್.ಎಂ.ಟಿ.ಯ ಅಕ್ಷರಗಳನ್ನು ಕಾಣುವುದು ಅಪರೂಪವಾಗಿರಲಿಲ್ಲ. ಗುರುತಿನ ಟರ್ನರನೊಬ್ಬನು ಪಾಳಿಯ ನಡುವೆ ಬಿಡುವು ಮಾಡಿಕೊಂಡು, ಹಣದ ಮಾತೆತ್ತದೆ, ಹಳೆಯ ಬುಷ್ಷನ್ನು ಮೈಕ್ರೊಮೀಟರಿನಲ್ಲಿ ಅಳೆದು ಹೊಸದನ್ನು ತಿರುವಿಕೊಡುತ್ತಿದ್ದ ಆ ಸ್ನೇಹವು ಯಾವ ಕೈಗಾರಿಕಾ ವರದಿಯಲ್ಲಿಯೂ ದಾಖಲಾಗಿಲ್ಲ.

ಈ ಪದ್ಧತಿ ಈಗ ಕ್ಷೀಣಿಸಿದೆ. 2000ದ ಬಳಿಕ ಬಂದ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಇಂಧನದ ಒತ್ತಡ ಸಾವಿರ ವಾತಾವರಣವನ್ನು ಮೀರುವುದರಿಂದ, ನಟ್ಟು ಸಡಿಲಿಸಿ ಏರ್ ತೆಗೆಯುವ ಹಳೆಯ ಕ್ರಮ ಅಲ್ಲಿ ಪ್ರಾಣಾಪಾಯಕ್ಕೆ ಎಡೆ. ದೋಷವನ್ನು ಹೇಳಲು ಸ್ಕ್ಯಾನರೇ ಬೇಕು. 2014ರಲ್ಲಿ ಡೀಸೆಲಿನ ಬೆಲೆಯ ಮೇಲಣ ಸರ್ಕಾರದ ನಿಯಂತ್ರಣ ಕೊನೆಗೊಂಡು ಹಳೆಯ ಮಿತವ್ಯಯದ ಲೆಕ್ಕ ಸಡಿಲಿತು. 2022ರ ಏಪ್ರಿಲಿನಿಂದ, 15 ವರ್ಷ ಮೀರಿದ ಕಾರಿನ ನೋಂದಣಿಯನ್ನು ನವೀಕರಿಸುವ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ನಗರದ ಗಾಳಿಯನ್ನು ನೆನೆದರೆ ಇವುಗಳಲ್ಲಿ ಹಲವು ನ್ಯಾಯವೇ ಎಂದು ಒಪ್ಪಬೇಕು. ಹಳೆಯ ಎಂಜಿನ್ನಿನ ಹೊಗೆಯನ್ನು ಅದರ ಮೇಲಣ ಪ್ರೀತಿಯ ಹೆಸರಿನಲ್ಲಿ ಸಮರ್ಥಿಸಲಾಗದು. ಚೆನ್ನಾಗಿ ಹೊಂದಿಸಿದ ನಾಜಲು, ಶುದ್ಧವಾದ ಫಿಲ್ಟರುಗಳುಳ್ಳ ಹಳೆಯ ಎಸ್ಟೇಟು ಅಲಕ್ಷ್ಯಕ್ಕೆ ಗುರಿಯಾದ ಹತ್ತು ವರ್ಷದ ಟೆಂಪೋಗಿಂತ ಕಡಮೆ ಹೊಗೆಯುಗುಳುವುದನ್ನು ಕಣ್ಣಾರೆ ಕಂಡಿರುವೆನೆಂಬುದನ್ನು ಮಾತ್ರ ಇಲ್ಲಿ ಸೇರಿಸಬಯಸುತ್ತೇನೆ. ನನ್ನ ವ್ಯಥೆಗೆ ಕಾರಣ ಬೇರೆ. ಕೈಗಡಿಯಾರಗಳ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ನಿರ್ಧರಿಸಿತು. ಅದಕ್ಕೆ ಬಹಳ ಮೊದಲೇ ಕಾರ್ಖಾನೆಯ ಸಿಬ್ಬಂದಿ ಕರಗುತ್ತ ಬಂದಿದ್ದಿತು. ಒಂದು ತಲೆಮಾರಿನ ಕೈಯಿಂದ ಇನ್ನೊಂದರ ಕೈಗೆ ವಿದ್ಯೆಯನ್ನು ದಾಟಿಸುತ್ತಿದ್ದ ಕಾಲುವೆಯೇ ಹೀಗೆ ಬತ್ತಿತು.

2019ರಲ್ಲಿ ಎಚ್.ಎಂ.ಟಿ.ಯವರು ಜಾಲಹಳ್ಳಿಯಲ್ಲಿಯೇ ಒಂದು ಪರಂಪರೆಯ ವಸ್ತುಸಂಗ್ರಹಾಲಯವನ್ನು ತೆರೆದರು. ಕೈಗಡಿಯಾರಗಳ ಸಾಲು ಅಲ್ಲಿ ಅಚ್ಚುಕಟ್ಟಾಗಿದೆ. ಅದಕ್ಕೆ ಸೇರಬೇಕಾದ ಇನ್ನೊಂದು ಬಗೆಯ ವಸ್ತು ಈ ಊರಿನ ಹಳೆಯ ಮನೆಗಳ ಅಟ್ಟಗಳಲ್ಲಿದೆ: ಫಿಟ್ಟರುಗಳು ತಮ್ಮ ಕಾರುಗಳಿಗಾಗಿ ಬರೆದಿಟ್ಟ ನೋಟುಪುಸ್ತಕಗಳು. ಕಾರ್ಖಾನೆಯ ಜಾಬ್ ಕಾರ್ಡಿನ ಮಾದರಿಯಲ್ಲಿಯೇ ಗೆರೆ ಎಳೆದು, ಆಯಿಲ್ ಬದಲಿಸಿದ ದಿನ, ಆಗ ಓಡಿದ್ದ ಕಿಲೋಮೀಟರು, ಟ್ಯಾಪೆಟ್ಟಿನ ಅಂತರ, ನಾಜಲು ಪರೀಕ್ಷಿಸಿದ ಒತ್ತಡ, ತಿರುವಿಸಿದ ಬುಷ್ಷಿನ ಒಳಹೊರ ವ್ಯಾಸ, ಎಲ್ಲವನ್ನೂ ಅವರು ಅವುಗಳಲ್ಲಿ ಗುರುತಿಸಿದ್ದಾರೆ; ಕೆಲವದರಲ್ಲಿ ಬಿಡಿಭಾಗದ ಚಿತ್ರವನ್ನು ಮೂರು ನೋಟಗಳಲ್ಲಿ ಅಳತೆಸಹಿತ ಬರೆದಿರುವುದೂ ಉಂಟು. ಗುಜರಿಯವರು ಕಾರಿನೊಡನೆ ಅವನ್ನೂ ಒಯ್ಯುವ ಮುನ್ನ, ಯಾರಾದರೂ ಮನೆಮನೆಗೆ ಹೋಗಿ ಅವನ್ನು ಕೇಳಿ ತಂದು, ಬರೆದವರು ಇನ್ನೂ ನಮ್ಮೊಡನಿರುವಾಗಲೇ ಅವರ ಬಾಯಿಂದ ಅರ್ಥ ಕೇಳಿ ಬರೆದುಕೊಳ್ಳಬೇಕಾಗಿದೆ.