ಚಾತುರ್ಮಾಸ್ಯದ ಆಹಾರವ್ರತಗಳ ಪರಿಭಾಷೆ

‘ಇಂದಿರಾಬಾಯಿ’ (1899) ಕಾದಂಬರಿಯ ಕರ್ತೃಗಳಾದ ವೆಂಕಟರಾಯರ ಹೆಸರಿನೊಡನೆ ಕನ್ನಡಿಗರಿಗೆ ಪರಿಚಿತವಾಗಿರುವ ಗುಲ್ವಾಡಿಯು ಕುಂದಾಪುರ ಸೀಮೆಯ ಗ್ರಾಮ. ಈ ಸೀಮೆಯಲ್ಲಿಯೂ ಇದರ ತೆಂಕಣ ಉಡುಪಿಯಲ್ಲಿಯೂ ಮಾಧ್ವಸಂಪ್ರದಾಯದವರು ಆಷಾಢದಿಂದ ಕಾರ್ತಿಕದವರೆಗೆ ಆಚರಿಸುವ ಚಾತುರ್ಮಾಸ್ಯವ್ರತದ ಊಟವು ಅತಿ ಸರಳವಾದುದು. ಅದರ ಪರಿಭಾಷೆಯು ಮಾತ್ರ ಹೊರಗಿನವರಿಗೆ ಸರಳವಲ್ಲ.

ನಾಲ್ಕು ತಿಂಗಳಿಗೆ ಕ್ರಮವಾಗಿ ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತಗಳೆಂದು ಹೆಸರು. ಕ್ಷೀರವ್ರತವೆಂದೊಡನೆ ಹಾಲನ್ನೇ ಕುಡಿದಿರುವ ವ್ರತವೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಅದು ಹಾಲನ್ನು ಬಿಡುವ ವ್ರತ. ಹೀಗೆಯೇ ಶಾಕವ್ರತದಲ್ಲಿ ತರಕಾರಿಯೂ, ದಧಿವ್ರತದಲ್ಲಿ ಮೊಸರೂ, ದ್ವಿದಳವ್ರತದಲ್ಲಿ ಬೇಳೆಕಾಳುಗಳೂ ವರ್ಜ್ಯ. ಇವನ್ನು ‘ಶಾಕತ್ಯಾಗವ್ರತ’ ಮೊದಲಾದ ಪದಗಳಲ್ಲಿ ನಡುವಣ ಪದವು ಲೋಪವಾದ ಸಮಾಸಗಳೆಂದು ಗ್ರಹಿಸುವುದೇ ಯುಕ್ತವೆಂದು ನನ್ನ ಅಭಿಪ್ರಾಯ. ಆದರೆ ಭಾಗವತದ ಎಂಟನೆಯ ಸ್ಕಂಧದಲ್ಲಿ ಕಶ್ಯಪನು ಅದಿತಿಗೆ ಉಪದೇಶಿಸುವ ಪಯೋವ್ರತವು ಹನ್ನೆರಡು ದಿನ ಹಾಲಿನಿಂದಲೇ ಜೀವಿಸುವ ವ್ರತ. ಪಯಸ್ಸೂ ಕ್ಷೀರವೂ ಒಂದೇ ಅರ್ಥದ ಶಬ್ದಗಳು. ವ್ರತಗಳೋ ಒಂದಕ್ಕೊಂದು ವಿರುದ್ಧ! ಮಠದ ಹಳೆಯ ಲೆಕ್ಕದ ಪುಸ್ತಕವನ್ನು ಪರಿಶೀಲಿಸುವವನು ಇದನ್ನರಿಯದಿದ್ದರೆ, ಕ್ಷೀರವ್ರತದ ತಿಂಗಳಲ್ಲಿ ಹಾಲಿನ ವೆಚ್ಚವು ಕಾಣದುದಕ್ಕೆ ಇಲ್ಲದ ಕಾರಣಗಳನ್ನು ಕಲ್ಪಿಸಿಯಾನು.

ಶಾಕವೆಂಬುದರ ವ್ಯಾಪ್ತಿಯೂ ನಮ್ಮ ‘ಸೊಪ್ಪು’ ಎಂಬುದಕ್ಕಿಂತ ಬಹು ದೊಡ್ಡದು. ಬೇರು, ಎಲೆ, ಮೊಳಕೆ, ದಂಟು, ಹೂವು, ಕಾಯಿ, ತೊಗಟೆ, ಅಣಬೆ ಮೊದಲಾಗಿ ಹತ್ತು ಬಗೆಯನ್ನು ಶಾಸ್ತ್ರಜ್ಞರು ಎಣಿಸುವರು. ಆದುದರಿಂದ ಆ ತಿಂಗಳ ಅಡಿಗೆಯಲ್ಲಿ ಹುಣಿಸೆಗೆ ಬದಲಾಗಿ ಮಾವಿನ ಹುಳಿ, ಮೆಣಸಿನಕಾಯಿಗೆ ಬದಲಾಗಿ ಕಾಳುಮೆಣಸು, ಜೊತೆಗೆ ಹೆಸರುಬೇಳೆಯ ತೊವ್ವೆ. ಮೆಣಸಿನಕಾಯಿಯಾದರೋ ಅಮೆರಿಕಾ ಖಂಡದಿಂದ ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಈ ದೇಶಕ್ಕೆ ಬಂದ ವಸ್ತು. ಮಧ್ವಾಚಾರ್ಯರ (1238–1317) ಕಾಲದ ಅಡಿಗೆಮನೆಗೆ ಅದು ಅಪರಿಚಿತ. ಕರಾವಳಿಯಲ್ಲಿ ‘ಮೆಣಸು’ ಎಂಬ ಹಳೆಯ ಹೆಸರನ್ನು ಈ ಹೊಸಬನೇ ಸೆಳೆದುಕೊಂಡುದರಿಂದ, ಮೊದಲಿನ ಒಡೆಯನಿಗೆ ‘ಒಳ್ಳೆಮೆಣಸು’ ಎಂಬ ವಿಶೇಷಣವು ಬೇಕಾಯಿತು. ವ್ರತದ ಅಡಿಗೆಯವನು ಒಳ್ಳೆಮೆಣಸನ್ನು ಕೇಳಿದಾಗ ಅಂಗಡಿಯವನು ಒಳ್ಳೆಯ ಜಾತಿಯ ಮೆಣಸಿನಕಾಯಿಯನ್ನು ಕೊಟ್ಟರೆ ವ್ರತಕ್ಕೆ ಭಂಗವೇ ಸರಿ.

ದಧಿವ್ರತದಲ್ಲಿ ಮೊಸರು ಸಲ್ಲದು, ಮಜ್ಜಿಗೆ ಸಲ್ಲುವುದು. ಇದನ್ನು ಜಾಣ್ಮೆಯ ನೆಪವೆಂದು ನಗುವವರುಂಟು. ಆದರೆ ಕಡೆದು ಬೆಣ್ಣೆ ತೆಗೆದ ಮೇಲೆ ಉಳಿಯುವುದು ಬೇರೆಯೇ ದ್ರವ್ಯ; ಆಯುರ್ವೇದವೂ ದಧಿತಕ್ರಗಳ ಗುಣಗಳನ್ನು ಬೇರೆಬೇರೆಯಾಗಿಯೇ ಹೇಳುತ್ತದೆ.

ಇನ್ನು ‘ಒಪ್ಪೊತ್ತು’. ಹಳಗನ್ನಡದ ‘ಪೊೞ್ತು’ ಇದರಲ್ಲಿ ಇನ್ನೂ ಉಳಿದಿದೆ. ಒಂದು ಹೊತ್ತು ಊಟ, ಇನ್ನೊಂದು ಹೊತ್ತು ಫಲಾಹಾರ. ಈ ಫಲಾಹಾರದ ಎಲೆಯಲ್ಲಿ ಹಣ್ಣನ್ನೇ ಹುಡುಕುವವನಿಗೆ ಅವಲಕ್ಕಿ, ಉಪ್ಪಿಟ್ಟುಗಳು ದೊರೆಯುವುವು. ಅವಲಕ್ಕಿಯೂ ಅಕ್ಕಿಯೇ ಅಲ್ಲವೆ? ಅಹುದು, ಆದರೆ ಅದು ಬೇಯಿಸಿದ ಅನ್ನವಲ್ಲ. ಇಲ್ಲಿಯೂ ಶಬ್ದವು ಉಣ್ಣುವ ವಸ್ತುವಿಗಿಂತ ಬಿಟ್ಟ ವಸ್ತುವನ್ನೇ ಲಕ್ಷಿಸುತ್ತದೆ. ಉಡುಪಿಯ ಕಡೆಯವರ ಹೋಟೆಲುಗಳೊಡನೆ ಊರೂರಿಗೆ ಹೋದ ಈ ಶಬ್ದವು ‘ಫಲಾಹಾರ ಮಂದಿರ’ವೆಂಬ ಫಲಕಗಳನ್ನೇರಿ, ಯಾವ ವ್ರತವೂ ಇಲ್ಲದವರಿಗೆ ಇಡ್ಲಿ ದೋಸೆಗಳ ಹೆಸರಾಯಿತು.