ಬಹುಮತ ಅಂದರೆ ಎಷ್ಟು?

ನಮ್ಮ ಹೊಳಲಿನ ಕಡೆ "ಚುನಾಯಿತರಾದರು" ಅಂತ ಯಾರೂ ಅನ್ನೋದಿಲ್ಲ. ಗೆದ್ದವನು "ಆರಿಸಿ ಬಂದ", ಸೋತವನು "ಬಿದ್ದ". ಇದರಲ್ಲಿ ಗೊಂದಲವೇ ಇಲ್ಲ. ಗೊಂದಲ ಇರೋದು ಪೇಪರಿನಿಂದ ನಮ್ಮ ಕಟ್ಟೆಗೆ ಬಂದ "ಬಹುಮತ" ಅನ್ನೋ ಪದದಲ್ಲಿ. ಈ ಒಂದು ಪದವನ್ನು ನಾವು ಬೇರೆ ಬೇರೆ ಲೆಕ್ಕಗಳಿಗೆ ಬಳಸ್ತೀವಿ. ಆ ಲೆಕ್ಕಗಳನ್ನು ಬಿಡಿಸಿಟ್ಟುಕೊಳ್ಳದಿದ್ದರೆ ನಮ್ಮ ಓಟಿನ ಅರ್ಥವನ್ನು ಬೇರೆಯವರು ಹೇಳಿಕೊಡ್ತಾರೆ, ನಾವು ತಲೆ ಆಡಿಸ್ತೀವಿ.

ಇತಿಹಾಸದಿಂದ ಶುರು ಮಾಡೋಣ. ನಮ್ಮ ಹಡಗಲಿ ತಾಲ್ಲೂಕು ಆಗ ಮದರಾಸಿಗೆ ಸೇರಿತ್ತು. ಬ್ರಿಟಿಷರ ಕಾಲದಲ್ಲಿ ಆಸ್ತಿ, ತೆರಿಗೆ, ಓದು ಇದ್ದವರಿಗೆ ಮಾತ್ರ ಓಟು. ಇಪ್ಪತ್ತೊಂದು ವರ್ಷ ತುಂಬಿದ ಎಲ್ಲರಿಗೂ, ಹೆಂಗಸರು ಗಂಡಸರೆನ್ನದೆ ಓಟು ಸಿಕ್ಕಿದ್ದು 1951-52ರ ಮೊದಲ ಮಹಾಚುನಾವಣೆಯಲ್ಲಿ. ಆಗ ಮುದ್ರೆ ಒತ್ತುವ ಕೆಲಸ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಗುರುತು. ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿದರೆ ಮುಗೀತು.

ಫಲಿತಾಂಶ ಏನಾಯ್ತು ನೋಡಿ. ಮದರಾಸ್ ವಿಧಾನಸಭೆಯಲ್ಲಿ 375 ಸ್ಥಾನ. ಅರ್ಧಕ್ಕಿಂತ ಹೆಚ್ಚು ಅಂದರೆ 188 ಬೇಕು. ಕಾಂಗ್ರೆಸ್ಸಿಗೆ ಬಂದಿದ್ದು 152. ಎಲ್ಲರಿಗಿಂತ ದೊಡ್ಡ ಪಕ್ಷ, ಆದರೆ ಬಹುಮತ ಇಲ್ಲ! ಟಿ. ಪ್ರಕಾಶಂ ಅವರ ನೇತೃತ್ವದಲ್ಲಿ ವಿರೋಧಿಗಳು ಒಂದಾಗಿ ತಮಗೇ ಹೆಚ್ಚು ಜನ ಇದ್ದಾರೆ ಅಂದರು. ರಾಜ್ಯಪಾಲ ಶ್ರೀಪ್ರಕಾಶ ಅವರು ಕರೆದದ್ದು ಮಾತ್ರ ರಾಜಾಜಿಯವರನ್ನು. ರಾಜಾಜಿ ಆ ಚುನಾವಣೆಗೆ ನಿಂತೇ ಇರಲಿಲ್ಲ, ವಿಧಾನ ಪರಿಷತ್ತಿಗೆ ನಾಮಕರಣಗೊಂಡು ಮುಖ್ಯಮಂತ್ರಿಯಾದರು. 1952ರ ಜುಲೈನಲ್ಲಿ ಸದನದಲ್ಲಿ ಬಲ ತೋರಿಸಿದರು: 200ಕ್ಕೆ 151. ಅಂದರೆ ನಮ್ಮ ಹಿರಿಯರು ಹಾಕಿದ ಮೊಟ್ಟಮೊದಲ ಓಟೇ "ದೊಡ್ಡ ಪಕ್ಷ" ಬೇರೆ, "ಬಹುಮತ" ಬೇರೆ ಅನ್ನೋ ಪಾಠ ಹೇಳಿತ್ತು.

ಇನ್ನೊಂದು ಪಾಠ ಮರುವರ್ಷ ಬಂತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು, ಅದೇ ದಿನ ನಮ್ಮ ತಾಲ್ಲೂಕು ಮೈಸೂರಿಗೆ ಸೇರಿತು. ಓಟು ಹಾಕಿದ್ದು ಮದರಾಸಿಗೆ, ಸಿಕ್ಕ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ! ನಾವು ಆರಿಸೋದು ಪ್ರತಿನಿಧಿಯನ್ನು, ಸರ್ಕಾರವನ್ನಲ್ಲ. ಸರ್ಕಾರವನ್ನು ಕಟ್ಟೋದು ಪ್ರತಿನಿಧಿಗಳು.

ಈಗ ಲೆಕ್ಕಕ್ಕೆ ಬರೋಣ. ಒಂದು ಕ್ಷೇತ್ರದಲ್ಲಿ 1000 ಓಟು ಬಿದ್ದವು ಅಂತಿಟ್ಟುಕೊಳ್ಳಿ. ಮೊದಲನೆಯವನಿಗೆ 400, ಎರಡನೆಯವನಿಗೆ 350, ಮೂರನೆಯವನಿಗೆ 250. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ 400ರವನು ಆರಿಸಿ ಬಂದ. ಅವನು ಬೇಡ ಅಂದವರು 600 ಜನ. ಆದರೂ ಕಾನೂನಿನಂತೆ ಅವನದೇ ಗೆಲುವು, ಯಾಕೆಂದರೆ ಇಲ್ಲಿ ಕೇಳೋದು "ಅರ್ಧ ದಾಟಿದೆಯಾ" ಅಂತಲ್ಲ, "ಉಳಿದವರಿಗಿಂತ ಮುಂದಿದ್ದೀಯಾ" ಅಂತ.

ಇದೇ 1000 ಓಟು ವಿಧಾನ ಪರಿಷತ್ತಿನ ಪದವೀಧರರ ಕ್ಷೇತ್ರದಲ್ಲಿ ಬಿದ್ದರೆ? ನಮ್ಮ ಕಡೆಯ ಪದವೀಧರರು ಈಶಾನ್ಯ ಕ್ಷೇತ್ರಕ್ಕೆ ಓಟು ಹಾಕ್ತಾರೆ. ಅಲ್ಲಿ ಹೆಸರಿನ ಮುಂದೆ 1, 2, 3 ಅಂತ ಪ್ರಾಶಸ್ತ್ಯ ಬರೀಬೇಕು. ಗೆಲ್ಲೋಕೆ 501 ಬೇಕು. ಯಾರಿಗೂ ಬರಲಿಲ್ಲ, ಹಾಗಾಗಿ ಕೊನೆಯವನನ್ನು ಕೈಬಿಟ್ಟು ಅವನ 250 ಚೀಟಿಗಳಲ್ಲಿ ಎರಡನೇ ಪ್ರಾಶಸ್ತ್ಯ ನೋಡ್ತಾರೆ. ಅದರಲ್ಲಿ 200 ಎರಡನೆಯವನಿಗೆ, 50 ಮೊದಲನೆಯವನಿಗೆ ಹೋದರೆ 550ಕ್ಕೆ 450. ಎರಡನೆಯವನು ಗೆದ್ದ! ಜನ ಅವರೇ, ಮನಸ್ಸು ಅದೇ, ಎಣಿಸುವ ರೀತಿ ಬದಲಾದ ಕೂಡಲೇ ಗೆದ್ದವನೂ ಬದಲಾದ.

ರಾಜ್ಯದ ಮಟ್ಟದಲ್ಲೂ ಇದನ್ನು ಕಂಡಿದ್ದೇವೆ. 2004ರಲ್ಲಿ ಬಿಜೆಪಿ 79 ಸ್ಥಾನ ಪಡೆದು ದೊಡ್ಡ ಪಕ್ಷವಾಯ್ತು, ಓಟು ಹೆಚ್ಚು ಬಿದ್ದಿದ್ದು 65 ಸ್ಥಾನದ ಕಾಂಗ್ರೆಸ್ಸಿಗೆ. ಜೆಡಿಎಸ್ 58. ಸರ್ಕಾರಕ್ಕೆ ಬೇಕಿದ್ದು 113. ಕಾಂಗ್ರೆಸ್, ಜೆಡಿಎಸ್ ಕೂಡಿದವು. ನಮ್ಮ ಹಡಗಲಿಯಿಂದ ಆರಿಸಿ ಬಂದಿದ್ದ ಎಂ.ಪಿ. ಪ್ರಕಾಶ್ 2005ರಲ್ಲಿ ಅದೇ ಸರ್ಕಾರದ ಉಪಮುಖ್ಯಮಂತ್ರಿಯಾದರು. 2018ರಲ್ಲೂ ಹಾಗೇ: ಬಿಜೆಪಿಗೆ 104 ಸ್ಥಾನ, ಸುಮಾರು 36% ಓಟು. ಕಾಂಗ್ರೆಸ್ಸಿಗೆ ಸುಮಾರು 38% ಓಟು ಬಿದ್ದರೂ ಸ್ಥಾನ ಎಂಬತ್ತರ ಆಸುಪಾಸು. ಯಡಿಯೂರಪ್ಪ ಮೇ 17ಕ್ಕೆ ಪ್ರಮಾಣವಚನ ತೆಗೆದುಕೊಂಡು 19ಕ್ಕೆ ರಾಜೀನಾಮೆ ಕೊಟ್ಟರು.

ಹಾಗಾದರೆ ಸರ್ಕಾರದ ಬಹುಮತವನ್ನು ಎಣಿಸೋದು ಎಲ್ಲಿ? ಇದಕ್ಕೆ ಇಡೀ ದೇಶಕ್ಕೆ ಉತ್ತರ ಸಿಕ್ಕಿದ್ದು ಕನ್ನಡಿಗರೊಬ್ಬರ ಕೇಸಿನಿಂದ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿಯವರು "ಸದನದಲ್ಲೇ ಬಲ ತೋರಿಸ್ತೀನಿ" ಅಂದರೂ ಅವಕಾಶ ಕೊಡದೆ ಅವರ ಸರ್ಕಾರವನ್ನು ವಜಾ ಮಾಡಿದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟ್ ಹೇಳಿತು: ಬಹುಮತದ ಪರೀಕ್ಷೆ ಆಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ. ಬೊಮ್ಮಾಯಿಯವರಿಗೆ ಕುರ್ಚಿ ವಾಪಸ್ ಬರಲಿಲ್ಲ, ಆದರೆ ಆಮೇಲೆ ಬಂದ ಎಷ್ಟೋ ರಾಜ್ಯ ಸರ್ಕಾರಗಳಿಗೆ ಆ ತೀರ್ಪು ಆಸರೆಯಾಯ್ತು.

ಹಾಗಾಗಿ ಇನ್ನು ಮುಂದೆ ಯಾರಾದರೂ ಮೈಕು ಹಿಡಿದು "ಜನ ನಮಗೆ ಬಹುಮತ ಕೊಟ್ಟಿದ್ದಾರೆ" ಅಂದರೆ ಮೂರು ಪ್ರಶ್ನೆ ಕೇಳಿ. ಅದು ಓಟಿನ ಲೆಕ್ಕವೋ ಸ್ಥಾನದ ಲೆಕ್ಕವೋ? ಅರ್ಧ ದಾಟಿದ್ದೋ, ಉಳಿದವರಿಗಿಂತ ಹೆಚ್ಚು ಅಷ್ಟೆಯೋ? ಎಣಿಸಿದ್ದು ಸದನದಲ್ಲೋ ರೆಸಾರ್ಟಿನಲ್ಲೋ? ಆರಿಸಿ ಬಂದವನಿಗೆ ಅಧಿಕಾರ ಇದೆ, ಇಲ್ಲ ಅನ್ನಲ್ಲ. ಆದರೆ ಅವನಿಗೆ ಓಟು ಹಾಕದ ಆ 600 ಜನರೂ ಅವನ ಕ್ಷೇತ್ರದವರೇ. ಅವರ ಬೀದಿಗೂ ನೀರು ಬರಬೇಕು.