ಊಟ ಬಲ್ಲವನು, ಮಾತು ಬಲ್ಲವನು

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಇದರ ಮೊದಲ ಪಾದ ವೈದ್ಯನಿಗೆ, ಎರಡನೆಯದು ನೀತಿವಂತನಿಗೆ ಎಂದು ನಾವು ಸಾಮಾನ್ಯವಾಗಿ ಪಾಲು ಹಂಚಿಬಿಡುತ್ತೇವೆ. ಆದರೆ ಮನುಷ್ಯನು ತನ್ನ ಊರನ್ನು ಬಿಟ್ಟು, ಗಿಜಿಗುಟ್ಟುವ ಪರದೇಶದ ಮಹಾನಗರವೊಂದರಲ್ಲಿ ಒಂಟಿಯಾಗಿ ನಿಂತಾಗ ಈ ಎರಡು ಪಾದಗಳೂ ಕೂಡಿ ಒಂದಾಗುತ್ತವೆ. ಅಲ್ಲಿ ಬಾಯಿಬಿಟ್ಟು ಕೇಳಬಲ್ಲವನೇ ಹೊಟ್ಟೆತುಂಬ ಉಣ್ಣಬಲ್ಲವನು. ಈ ಮಾತಿಗೆ ನಿದರ್ಶನವಾಗಿ, ಲಂಡನ್ ನಗರದಲ್ಲಿ ಹಸಿದು, ಅಲೆದು, ಕೊನೆಗೆ ಊಟದ ದಾರಿಯನ್ನು ಕಂಡುಕೊಂಡ ಒಬ್ಬ ತರುಣರ ಕಥೆಯನ್ನು ತಮ್ಮ ಮುಂದಿಡಲು ಬಯಸುತ್ತೇನೆ. ಆ ತರುಣರು ಮೋಹನದಾಸ ಕರಮಚಂದ ಗಾಂಧಿ.

ಗಾಂಧೀಜಿಯವರ ಆತ್ಮಕಥೆಯನ್ನು ನಾವು ಸತ್ಯದ ಶೋಧವೆಂದು ಓದುತ್ತೇವೆ, ಅದು ಸರಿಯೇ. ಆದರೆ ಅದರ ಲಂಡನ್ ಅಧ್ಯಾಯಗಳನ್ನು ನಾನು ಓದಿದಾಗಲೆಲ್ಲ, ಅವು ಅಷ್ಟೇ ಮಟ್ಟಿಗೆ ಅನ್ನದ ಶೋಧವೂ ಹೌದೆಂದು ನನಗೆ ತೋರಿದೆ.

ಅವರು ಹೋದ ಕಾಲದ ಲಂಡನ್ ಎಂಥದು? ಅದಕ್ಕೆ ಒಂದು ತಲೆಮಾರಿನಷ್ಟು ಹಿಂದೆ ಅಲ್ಲಿ ನೀರು ಕುಡಿಯುವುದೇ ಅಪಾಯವಾಗಿತ್ತು. 1854ರಲ್ಲಿ ಬ್ರಾಡ್ ಸ್ಟ್ರೀಟಿನ ಸುತ್ತ ಕಾಲರಾ ಹಬ್ಬಿದಾಗ, ಆ ಬೀದಿಯ ಕೈಪಂಪಿನ ನೀರೇ ರೋಗದ ಮೂಲವೆಂದು ವೈದ್ಯ ಜಾನ್ ಸ್ನೋ ತೋರಿಸಿಕೊಟ್ಟರು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ಗಂಧ ಪಾರ್ಲಿಮೆಂಟಿನ ಸದಸ್ಯರನ್ನೂ ಮುಟ್ಟಿದ ಮೇಲೆ, ಎಂಜಿನಿಯರ್ ಬ್ಯಾಝಲ್‌ಗೆಟ್ ಅವರ ಕೈಯಿಂದ ನೆಲದಡಿಯ ದೊಡ್ಡ ಚರಂಡಿಗಳು ಆದವು. 1875ರಲ್ಲಿ ಆಹಾರದ ಕಲಬೆರಕೆಯ ಮೇಲೆ ಬಿಗಿಯಾದ ಕಾನೂನು ಬಂತು. ಹೀಗಾಗಿ 1888ರ ಹೊತ್ತಿಗೆ ಪ್ರವಾಸಿಗೆ ನಗರದ ವಿಷಕ್ಕಿಂತ ತನ್ನದೇ ನಾಲಗೆ, ತನ್ನದೇ ಸಂಕೋಚ ದೊಡ್ಡ ತೊಡಕಾಗಿದ್ದವು.

1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಹಡಗು ಹತ್ತಿದಾಗ ಮೋಹನದಾಸರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಮದ್ಯ, ಮಾಂಸ, ಪರಸ್ತ್ರೀ ಈ ಮೂರನ್ನೂ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದರು. ಹಡಗಿನ ಊಟದ ಮನೆಯಲ್ಲಿ ಯಾವುದರಲ್ಲಿ ಮಾಂಸವಿದೆಯೆಂದು ಕೇಳುವ ಧೈರ್ಯವಿಲ್ಲ. ಚಾಕು, ಮುಳ್ಳುಚಮಚಗಳ ಬಳಕೆ ತಿಳಿಯದು. ಮನೆಯಿಂದ ಕಟ್ಟಿಕೊಂಡು ಹೋದ ಸಿಹಿತಿಂಡಿ, ಹಣ್ಣುಗಳನ್ನು ತಮ್ಮ ಕೋಣೆಯಲ್ಲೇ ಕುಳಿತು ತಿಂದರು.

ಗಂಟು ಎಷ್ಟು ದಿನ ಬಂದೀತು? ಲಂಡನ್ನಿಗೆ ಹತ್ತಿರದ ರಿಚ್ಮಂಡಿನಲ್ಲಿ ಸ್ನೇಹಿತರೊಬ್ಬರ ಜೊತೆ ಇದ್ದಾಗ ಬೆಳಗಿನ ಓಟ್ಸ್ ಗಂಜಿಯಿಂದ ಹೊಟ್ಟೆ ತುಂಬುತ್ತಿತ್ತು. ಮಧ್ಯಾಹ್ನ ಮತ್ತು ರಾತ್ರಿ ಬೇಯಿಸಿದ ಸೊಪ್ಪು, ಬ್ರೆಡ್ಡು, ಹಣ್ಣಿನ ಜಾಮು. ಎರಡು ಮೂರು ಚೂರಿಗಿಂತ ಹೆಚ್ಚು ಬ್ರೆಡ್ಡು ಕೇಳಲು ನಾಚಿಕೆ. ಮಾಂಸ ತಿನ್ನಿರೆಂದು ಸ್ನೇಹಿತರು ಬೆಂಥಮ್ಮನ ಗ್ರಂಥವನ್ನೇ ಓದಿ ವಾದಿಸಿದರು. ವಾದಕ್ಕೆ ತಮ್ಮಲ್ಲಿ ಉತ್ತರವಿಲ್ಲ, ಆದರೆ ಕೊಟ್ಟ ಮಾತು ಮಾತೇ, ಎಂದು ತರುಣರು ಕೈಮುಗಿದರು. ಆಮೇಲೆ ವೆಸ್ಟ್ ಕೆನ್ಸಿಂಗ್ಟನ್ನಿನಲ್ಲಿ ಒಬ್ಬ ವಿಧವೆಯ ಮನೆ. ಆಕೆಯ ಇಬ್ಬರು ಹೆಣ್ಣುಮಕ್ಕಳು ಒಂದೆರಡು ಚೂರು ಹೆಚ್ಚು ತೆಗೆದುಕೊಳ್ಳಿರೆಂದು ಒತ್ತಾಯಿಸುತ್ತಿದ್ದರು. ಇಡೀ ಒಂದು ಬ್ರೆಡ್ಡಾದರೂ ಬೇಕಾಗಿದ್ದ ಹಸಿವು ಇದೆಂದು ಆ ಮಕ್ಕಳಿಗೆ ಹೇಗೆ ತಿಳಿಯಬೇಕು?

ಊರಿನಲ್ಲಿ ಸಸ್ಯಾಹಾರದ ಹೋಟೆಲುಗಳಿವೆ ಎಂದು ಮನೆಯೊಡತಿ ತಿಳಿಸಿದ್ದೇ ಮುಂದಿನ ದಾರಿಗೆ ದೀಪವಾಯಿತು. ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದು ಹುಡುಕಿದರು. ಒಂದು ದಿನ ಫ್ಯಾರಿಂಗ್ಡನ್ ಬೀದಿಯಲ್ಲಿ ಅಂಥದೊಂದು ಹೋಟೆಲು ಕಣ್ಣಿಗೆ ಬಿತ್ತು. ಬಾಗಿಲ ಬಳಿಯ ಗಾಜಿನ ಕಿಟಕಿಯಲ್ಲಿ ಮಾರಾಟಕ್ಕಿಟ್ಟ ಪುಸ್ತಕಗಳು. ಅವುಗಳಲ್ಲಿ ಹೆನ್ರಿ ಸಾಲ್ಟ್ ಎಂಬವರು ಸಸ್ಯಾಹಾರವನ್ನು ಸಮರ್ಥಿಸಿ ಬರೆದದ್ದೊಂದು. ಒಂದು ಷಿಲಿಂಗಿಗೆ ಅದನ್ನು ಕೊಂಡು ನೇರವಾಗಿ ಊಟಕ್ಕೆ ಕುಳಿತರು. ಇಂಗ್ಲೆಂಡಿಗೆ ಬಂದ ಮೇಲೆ ಮನಸಾರೆ ಉಂಡ ಮೊದಲ ಊಟ ಅದು.

ಈ ಘಟನೆಯ ಮಹತ್ವ ಹೊಟ್ಟೆ ತುಂಬಿದ್ದಕ್ಕಷ್ಟೇ ನಿಲ್ಲುವುದಿಲ್ಲ. ಅದುವರೆಗೆ ತಾಯಿಗೆ ಕೊಟ್ಟ ಮಾತಾಗಿದ್ದ ಸಸ್ಯಾಹಾರ, ಪುಸ್ತಕವನ್ನು ಓದಿದ ಮೇಲೆ ಅವರ ಸ್ವಂತ ಆಯ್ಕೆಯಾಯಿತು. ಜೊತೆಗೆ ಬಳಗವೂ ಸಿಕ್ಕಿತು. ಲಂಡನ್ನಿನ ಸಸ್ಯಾಹಾರಿ ಸಂಘ ಹುಟ್ಟಿದ್ದು ಅವರು ಬಂದಿಳಿದ 1888ರಲ್ಲೇ. ಮುಂದೆ ಅವರು ಅದರ ಕಾರ್ಯಕಾರಿ ಸಮಿತಿಯ ಸದಸ್ಯರಾದರು. ಬೇಸ್‌ವಾಟರಿನಲ್ಲಿ ತಾವೇ ಒಂದು ಸಣ್ಣ ಸಂಘವನ್ನು ಕಟ್ಟಿ ಕಾರ್ಯದರ್ಶಿಯಾದರು. ಪರಸ್ಥಳದಲ್ಲಿ ಪಥ್ಯವನ್ನು ಉಳಿಸಿಕೊಳ್ಳುವುದು ಒಂಟಿತನದ ತಪಸ್ಸಾಗಬೇಕಾಗಿಲ್ಲ, ಗೆಳೆತನದ ಬಾಗಿಲೂ ಆಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಮುಂದೆ ಖರ್ಚನ್ನು ಕಡಿಮೆ ಮಾಡಲು ಒಂದೇ ಕೋಣೆ ಹಿಡಿದರು. ಬೆಳಿಗ್ಗೆ ತಾವೇ ಬೇಯಿಸಿದ ಓಟ್ಸ್ ಗಂಜಿ ಮತ್ತು ಕೋಕೋ, ಮಧ್ಯಾಹ್ನ ಹೊರಗೆ ಊಟ, ರಾತ್ರಿ ಬ್ರೆಡ್ಡು ಮತ್ತು ಕೋಕೋ. ದಿನಕ್ಕೆ ಒಂದು ಷಿಲಿಂಗ್ ಮೂರು ಪೆನ್ಸ್ ಖರ್ಚು. ಗಾಡಿಗೆ ಕೊಡುವ ದುಡ್ಡನ್ನು ಉಳಿಸಿ ದಿನಕ್ಕೆ ಎಂಟು ಹತ್ತು ಮೈಲಿ ನಡೆದರು. ಅಲ್ಲಿದ್ದಷ್ಟು ಕಾಲವೂ ಹೆಚ್ಚು ಕಾಯಿಲೆ ಬೀಳದೆ ಮೈ ಗಟ್ಟಿಯಾದದ್ದು ಈ ನಡಿಗೆಯಿಂದಲೇ ಎಂದು ಅವರ ನಂಬಿಕೆ. ಊರಿನಿಂದ ತರಿಸಿಕೊಂಡಿದ್ದ ಸಿಹಿ ಮತ್ತು ಮಸಾಲೆಗಳನ್ನೂ ಬಿಟ್ಟರು. ರಿಚ್ಮಂಡಿನಲ್ಲಿ ಸಪ್ಪೆಯೆನಿಸಿದ್ದ ಬೇಯಿಸಿದ ಸೊಪ್ಪೇ ಈಗ ರುಚಿಸತೊಡಗಿತು. ರುಚಿಯ ನೆಲೆ ನಾಲಗೆಯಲ್ಲ, ಮನಸ್ಸು ಎಂಬುದನ್ನು ಅವರು ಕಲಿತದ್ದು ಇಲ್ಲಿ. ನಮ್ಮ ಮನೆಗಳಿಂದ ಮಕ್ಕಳು ಹೊರದೇಶಕ್ಕೆ ಹೊರಟಾಗ ಚಟ್ನಿಪುಡಿ, ಸಾರಿನಪುಡಿ, ಉಪ್ಪಿನಕಾಯಿಗಳನ್ನು ನಾವು ಪ್ರೀತಿಯಿಂದ ಕಟ್ಟಿಕೊಡುತ್ತೇವೆ, ಕೊಡಬೇಕು. ಆದರೆ ಹೋದ ಊರಿನ ಕಾಳು, ಸೊಪ್ಪುಗಳೊಡನೆ ಸ್ನೇಹ ಬೆಳೆಸಿಕೊಳ್ಳಿರೆಂಬ ಮಾತನ್ನೂ ಆ ಗಂಟಿನೊಳಗೆ ಇಡಬೇಕು.

ಇನ್ನು ಗಾದೆಯ ಎರಡನೆಯ ಪಾದ. ಒಮ್ಮೆ ಅದೇ ಸ್ನೇಹಿತರು ಅವರನ್ನು ಹೋಬರ್ನ್ ಎಂಬ ಭವ್ಯ ಭೋಜನಗೃಹಕ್ಕೆ ಕರೆದೊಯ್ದರು. ಮೊದಲು ಸೂಪು ಬಂತು. ಅದರಲ್ಲೇನಿದೆಯೆಂದು ಕೇಳಲು ಗಾಂಧಿಯವರು ಮಾಣಿಯನ್ನು ಕರೆದದ್ದೇ ತಡ, ಸಭ್ಯರ ನಡುವೆ ಇದೇನು ನಡವಳಿಕೆಯೆಂದು ಸ್ನೇಹಿತರು ಸಿಟ್ಟಾಗಿ, ಬೇರೆಲ್ಲಾದರೂ ಉಂಡು ಹೊರಗೆ ಕಾದಿರಲು ಹೇಳಿದರು. ಹತ್ತಿರದ ಸಸ್ಯಾಹಾರಿ ಹೋಟೆಲು ಮುಚ್ಚಿತ್ತು. ಆ ರಾತ್ರಿ ಉಪವಾಸ. 1891ರ ಜೂನ್ ತಿಂಗಳಲ್ಲಿ, ಬ್ಯಾರಿಸ್ಟರಾಗಿ ಊರಿಗೆ ಹೊರಡುವ ಮುನ್ನ, ಗೆಳೆಯರಿಗೆ ಬೀಳ್ಕೊಡುಗೆಯ ಊಟ ಹಾಕಿಸಲು ಅವರು ಆರಿಸಿಕೊಂಡದ್ದು ಯಾವ ಸ್ಥಳವನ್ನು? ಅದೇ ಹೋಬರ್ನ್! ಅಲ್ಲಿನ ವ್ಯವಸ್ಥಾಪಕರೊಡನೆ ಮಾತಾಡಿ, ಅಪ್ಪಟ ಸಸ್ಯಾಹಾರದ ಊಟವನ್ನೇ ಮಾಡಿಸಿದರು. ಹಿಂದೆ ಒಂದು ಪ್ರಶ್ನೆ ಕೇಳಲು ಹೋಗಿ ಮೇಜು ಬಿಟ್ಟೆದ್ದವರು, ಈಗ ಮೇಜಿನ ಯಜಮಾನರಾಗಿದ್ದರು.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ತೀರ ಸಿಹಿಯಾದೀತು. 1914ರಲ್ಲಿ ಯುದ್ಧ ಆರಂಭವಾದ ಹೊತ್ತಿಗೆ ಗಾಂಧೀಜಿ ಮತ್ತೆ ಲಂಡನ್ನಿಗೆ ಬಂದರು. ದೀರ್ಘ ಉಪವಾಸದಿಂದ ಬಳಲಿದ್ದ ದೇಹ. ಹಾಲು, ಧಾನ್ಯ, ಬೇಳೆಗಳನ್ನು ಬಿಟ್ಟು ಹಣ್ಣು ಮತ್ತು ಕಡಲೆಕಾಯಿಗಳ ಮೇಲಿನ ಜೀವನ. ಶ್ವಾಸಕೋಶದ ಪೊರೆಯ ಉರಿಯೂತ ಅವರನ್ನು ಹಿಡಿಯಿತು. ಹಾಲನ್ನಾದರೂ ಕುಡಿಯಿರೆಂದು ಗೋಖಲೆಯವರು ಒತ್ತಾಯಿಸಿದರೂ ಒಪ್ಪಲಿಲ್ಲ. ಚಳಿಯ ಆ ನಾಡಿನಲ್ಲಿ ಚೇತರಿಸಿಕೊಳ್ಳಲಾರದೆ ಡಿಸೆಂಬರಿನಲ್ಲಿ ಭಾರತಕ್ಕೆ ಹೊರಟರು.

ಅದೇ 1914ರಲ್ಲಿ ಶ್ರೀನಿವಾಸ ರಾಮಾನುಜನ್ ಕೇಂಬ್ರಿಜ್‌ಗೆ ಬಂದಿದ್ದರು. ಕಾಲೇಜಿನ ಪಂಕ್ತಿಯನ್ನು ಬಿಟ್ಟು, ಕೋಣೆಯಲ್ಲಿ ಒಬ್ಬರೇ ಹೊತ್ತುಗೊತ್ತಿಲ್ಲದೆ ಬೇಯಿಸಿಕೊಂಡರು. ಯುದ್ಧದಿಂದ ಬೇಕಾದ ಪದಾರ್ಥಗಳು ದುರ್ಲಭವಾದವು. 1917ರಲ್ಲಿ ಕಾಯಿಲೆ ಬಿದ್ದವರು 1919ರಲ್ಲಿ ಊರಿಗೆ ಮರಳಿ, 1920ರ ಏಪ್ರಿಲ್ 26ರಂದು ಮೂವತ್ತೆರಡನೆಯ ವಯಸ್ಸಿಗೇ ತೀರಿಕೊಂಡರು. ಅಂದು ಅದನ್ನು ಕ್ಷಯವೆಂದು ಬಗೆದರು. 1994ರಲ್ಲಿ ದಾಖಲೆಗಳನ್ನು ಮರಳಿ ಪರಿಶೀಲಿಸಿದ ಸಂಶೋಧಕರೊಬ್ಬರು ಯಕೃತ್ತಿಗೆ ತಗುಲಿದ ಅಮೀಬಾ ರೋಗವಿರಬಹುದೆಂದರು. ಆದ್ದರಿಂದ ಊಟವೊಂದನ್ನೇ ದೂರುವುದು ನ್ಯಾಯವಲ್ಲ. ಆದರೂ ಒಂಟಿ ಒಲೆಯ ಮುಂದೆ ಕುಳಿತ ಆ ಮಹಾಮೇಧಾವಿಯನ್ನು ನೆನೆದಾಗ, 'ಉಂಡಿರಾ?' ಎಂದು ದಿನವೂ ಕೇಳುವವರೊಬ್ಬರು ಜೊತೆಯಲ್ಲಿರಬೇಕಾಗಿತ್ತೆಂದು ಮನಸ್ಸು ಮರುಗುತ್ತದೆ.

ವ್ರತವನ್ನು ಉಳಿಸಿಕೊಳ್ಳುವುದು ದೊಡ್ಡದು. ದೇಹದ ಮಾತನ್ನು ಕೇಳುವುದು ಅದಕ್ಕಿಂತ ಸಣ್ಣದೇನಲ್ಲ. ಮೊದಲ ಸಲ ಊರಿಗೆ ಮರಳಿದ ಕೆಲವು ವರ್ಷಗಳಲ್ಲೇ ಗಾಂಧೀಜಿ ಲಂಡನ್ನಿಗೆ ಓದಲು ಹೋಗುವ ಭಾರತೀಯರಿಗಾಗಿ ಒಂದು ಕೈಪಿಡಿಯನ್ನು ಬರೆದರು. ಊಟ, ಬಟ್ಟೆ, ಖರ್ಚುಗಳ ವಿವರವೆಲ್ಲ ಅದರಲ್ಲಿದೆ. ಅವರ ಜೀವಿತಕಾಲದಲ್ಲಿ ಅದು ಅಚ್ಚಾಗಲಿಲ್ಲ. ತಾನು ಹಸಿದ ಬೀದಿಯಲ್ಲಿ ಮುಂದೆ ಬರುವವನು ಹಸಿಯಬಾರದೆಂಬ ಕಾಳಜಿ ಮಾತ್ರ ಆ ಹಸ್ತಪ್ರತಿಯಲ್ಲಿ ಉಳಿದುಕೊಂಡಿದೆ.